ಮಾವನ ಎಡಗೈ

ಬಸವಂತ್ರಾಯ ಉಣ್ಣುವುದು ಕಡಿಮೆ ಮಾಡಿದ್ದಾನೆಂದು ಮನೆಯವರಿಗೆ ಗೊತ್ತಾಗಲು ಒಂದು ತಿಂಗಳು ಹಿಡಿಯಿತು.

ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಹೊತ್ತೇ ಇರಲಿಲ್ಲ. ಮಗ ಮರಿಲಿಂಗ ಬೆಳಿಗ್ಗೆ ಆರಕ್ಕೆ ಸಣ್ಣ ಟೆಂಪೋ ಹೊಡೆದುಕೊಂಡು ಹೋದರೆ, ಯಾದಗಿರಿಯಲ್ಲಿ ಸಿಮೆಂಟು ಕಬ್ಬಿಣ ಹೇರಿಕೊಂಡು ಸುರಪುರದ ತನಕ ಅಂಗಡಿ ಅಂಗಡಿಗೆ ಇಳಿಸಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹೆಂಡತಿ ಸುಗಲಮ್ಮ ಎಂಟಕ್ಕೆ ಮೀನಿನ ಬುಟ್ಟಿ ಹೊತ್ತು ಶಹಾಪುರದ ಮಾರ್ಕೆಟ್ಟಿಗೆ ಹೊರಟರೆ ಎರಡೂವರೆಗೆ ತಿರುಗಿ ಬರುತ್ತಿದ್ದಳು. ಮೊಮ್ಮಗಳು ಕಸ್ತೂರಿ ಶಾಲೆಗೆ. ಸೊಸೆ ಸುಮಲತಾ ಬೆಳಿಗ್ಗೆ ಆರರಿಂದ ಏಳರ ತನಕ ಆರೋಗ್ಯ ಕೇಂದ್ರದ ಹಾಲ್‌ನಲ್ಲಿ ಹೆಂಗಸರಿಗೆ ಯೋಗ ಕಲಿಸುತ್ತಿದ್ದಳು. ಮತ್ತೆ ಮೂರರ ಬಸ್ಸು ಹಿಡಿದು ದೋರನಹಳ್ಳಿಯ ಶಾಲೆಗೆ ಹೋಗಿ ಅಲ್ಲಿನ ಮಕ್ಕಳಿಗೆ ಕಲಿಸಿ ಬರುತ್ತಿದ್ದಳು. ನಡುವೆ ಹಗಲೆಲ್ಲ ಮನೆಯಲ್ಲಿ ಮಾವ ಮತ್ತು ಸೊಸೆ ಇಬ್ಬರೇ.

ಯುಗಾದಿಯ ಹಿಂದಿನ ವಾರ ಬಸವಂತ್ರಾಯನಿಗೆ ಲಕ್ವಾ ಹೊಡೆದಿತ್ತು. ಎಡಗೈ, ಎಡಗಾಲು ಬಿದ್ದುಹೋದವು. ಭೀಮಾ ನದಿಯ ದಂಡೆಯ ಊರಲ್ಲಿ ಐವತ್ತು ವರ್ಷ ಬಲೆ ಬೀಸಿದ, ಆಮೇಲೆ ಶಹಾಪುರಕ್ಕೆ ಬಂದು ಮೀನು ಮಾರಿದ ಮನುಷ್ಯ. ಕಾಲು ಜರಾ ತಿರುಗಿ ಬಂತು, ಕೋಲು ಹಿಡಿದು ನಾಲ್ಕು ಹೆಜ್ಜೆ ಎಳೆಯುತ್ತಿದ್ದ. ಕೈ ಮಾತ್ರ ಎದೆಗೆ ಅಂಟಿಕೊಂಡೇ ಉಳಿಯಿತು. ದವಾಖಾನೆಯಿಂದ ಒಬ್ಬ ಹುಡುಗಿ ನಾಲ್ಕು ಸಲ ಬಂದು, ಕೈಯನ್ನು ಹೀಗೆ ಎತ್ತಬೇಕು, ಹೀಗೆ ತಿರುಗಿಸಬೇಕು, ದಿನಾ ಮಾಡಿಸಬೇಕು ಎಂದು ತೋರಿಸಿ ಹೋದಳು.

ಮಾಡಿಸುವವರು ಯಾರು? ಮರಿಲಿಂಗ ಸಂಜೆ ಬಂದು ಒಂದೆರಡು ಸಲ ಎತ್ತಿ ಇಳಿಸಿ, ಹಾಗೆಯೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದ. ಸುಗಲಮ್ಮನಿಗೆ ಸೊಂಟ ನೋವು. ಈ ಕೆಲಸ ಗೊತ್ತಿದ್ದವಳು ಸುಮಲತಾ ಒಬ್ಬಳೇ. ಆದರೆ ಮದುವೆಯಾಗಿ ಹನ್ನೊಂದು ವರ್ಷ ಅವಳು ಮಾವನ ಎದುರು ಸೆರಗು ಹೊದ್ದು ಓರೆಯಾಗಿ ನಿಂತೇ ಮಾತಾಡಿದವಳು. ಅವಳು ಒಮ್ಮೆ ಹತ್ತಿರ ಹೋಗಿ ಕೈ ಹಿಡಿಯಲು ನೋಡಿದಾಗ ಬಸವಂತ್ರಾಯ ಬಲಗೈಯಿಂದ ಎಡಗೈಯನ್ನು ಮಗುವಿನ ಹಾಗೆ ಮುಚ್ಚಿಕೊಂಡ.

"ಬ್ಯಾಡ ಯವ್ವಾ. ನೀ ದೂರ ನಿಂತು ಹೇಳು, ನಾ ಮಾಡ್ತೀನಿ."

ಅವಳು ದೂರ ನಿಂತು ಹೇಳಿದಳು. ಅವನು ಮಾಡಲಿಲ್ಲ.

*

ಆರೋಗ್ಯ ಕೇಂದ್ರದ ಹಾಲ್‌ನಲ್ಲಿ ಹದಿನಾರು ಹೆಂಗಸರು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ಹಜರಾಬೀ. ಅರವತ್ತು ದಾಟಿದವಳು, ಮೊಣಕಾಲಿನ ತಕಲೀಫಿಗೆಂದು ಬರುತ್ತಿದ್ದಳು. ಸುಮಲತಾ ಒಬ್ಬೊಬ್ಬರ ಹೆಗಲು ಹಿಡಿದು ಹಿಂದಕ್ಕೆ ಸರಿಸುತ್ತ, ಸೊಂಟದ ಮೇಲೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡುತ್ತ ಸಾಲಿನ ನಡುವೆ ನಡೆಯುತ್ತಿದ್ದಳು. ಕೊನೆಗೆ ಎಲ್ಲರನ್ನೂ ಅಂಗಾತ ಮಲಗಿಸಿ ಐದು ನಿಮಿಷ ಬಿಟ್ಟು "ಏಳ್ರಿ" ಅಂದರೆ ಹಜರಾಬೀ ಏಳುತ್ತಿರಲಿಲ್ಲ.

"ಈ ಊರಾಗ ಗುಡ್ಡಾನ ಬುದ್ಧನಂಗ ಮಲಗ್ಯಾದ. ನಮಗ ಯಾಕ ಜಲ್ದಿ ಏಳಂತೀರಿ ಮೇಡಂ?"

ಊರಿನ ಪಕ್ಕದ ಗುಡ್ಡದ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ; ಎಲ್ಲರೂ ನಗುತ್ತಿದ್ದರು. ಸುಮಲತಾಳೂ ನಗುತ್ತಿದ್ದಳು, ಆದರೆ ಆಗಲೇ ಅವಳ ತಲೆಯೊಳಗೆ ಮನೆಯ ಹಿಟ್ಟು, ನೀರು, ಕಸ್ತೂರಿಯ ಜಡೆ ಎಲ್ಲ ಸಾಲುಗಟ್ಟಿರುತ್ತಿದ್ದವು. ಮನೆಯಲ್ಲಿ ತನಗಾಗಿ ಚಾಪೆ ಹಾಸಿ ವರ್ಷದ ಮೇಲಾಗಿತ್ತು. ಕ್ಲಾಸಿನಲ್ಲಿ ಮಾಡುವುದು ತೋರಿಸುವುದಕ್ಕೆ. ತೋರಿಸುವಾಗ ಕಣ್ಣು ಬೇರೆಯವರ ಮೇಲೆಯೇ ಇರುತ್ತದೆ, ಉಸಿರು ಎಲ್ಲಿ ಹೋಯಿತು ಎಲ್ಲಿ ಬಂತು ತಿಳಿಯುವುದಿಲ್ಲ. ಹದಿನಾರು ಮಂದಿಗೆ "ಹಗುರಾಗ್ರಿ" ಎಂದು ಹೇಳಿ ಅವಳು ಮೊದಲಿಗಿಂತ ಭಾರವಾಗಿ ಮನೆಗೆ ಬರುತ್ತಿದ್ದಳು.

*

ಐತವಾರ ಮರಿಲಿಂಗನ ತಂಗಿ ಸರಿತಾ ಸುರಪುರದಿಂದ ಬಂದಳು. ಬಂದವಳೇ ಅಪ್ಪನ ಅಂಗಿಯೊಳಗೆ ಕೈಯಿಟ್ಟು ನೋಡಿದಳು. ಒಳಗೆ ಬಂದು ಚೀಲವನ್ನು ಕೆಳಗೂ ಇಡದೆ ಕೇಳಿದಳು.

"ಈ ಮನ್ಯಾಗ ರೊಟ್ಟಿ ಬಡಿಯೋದು ಬಿಟ್ಟೀರೇನು?"

"ಯಾಕ ಹಂಗಂತಿ? ಮುಂಜಾನಿ ಇಪ್ಪತ್ತು ರೊಟ್ಟಿ ಬಡದೀನಿ" ಅಂದಳು ಸುಮಲತಾ.

"ಮತ್ತ ಅಪ್ಪನ ಎಲುಬು ಕೈಗೆ ಹತ್ತಾಕತ್ತಾವು. ಅತ್ತಿಗಿ, ನೀ ಊರ ಮಂದಿಗೆಲ್ಲ ಆರೋಗ್ಯ ಹೇಳಿಕೊಡಾಕ ಹೋಗ್ತಿ. ಮನ್ಯಾಗಿನ ಮುದುಕ ಒಣಗಾಕತ್ತಾನ, ಅದು ಕಾಣವಲ್ದೇನು?"

ಮೀನು ತೊಳೆಯುತ್ತಿದ್ದ ಸುಗಲಮ್ಮ ಕೈ ಝಾಡಿಸಿಕೊಂಡು ಎದ್ದಳು. "ಆಕಿಗೆ ಯಾಕಂತಿ? ಅಂವನೇ ಹಸಿವಿಲ್ಲಂತಾನ. ಡಾಕ್ಟ್ರು ಉಪ್ಪು ಕಡಿಮಿ ಮಾಡಂದಾರ, ಬಾಯಿಗೆ ರುಚಿ ಹತ್ತವಲ್ದು."

"ಉಪ್ಪಿಂದಲ್ಲ" ಅಂದಳು ಕಸ್ತೂರಿ, ಬಾಗಿಲಲ್ಲಿ ನಿಂತು. "ಅಜ್ಜ ಸೂಟಿ ಇದ್ದಾಗ ತನ್ನ ರೊಟ್ಟಿ ನನ್ನ ತಾಟಿಗೆ ಹಾಕ್ತಾನ. ಸಾಲಿ ಇದ್ದಾಗ ಹಜರಾಬೀ ಅಜ್ಜಿ ಆಡಿಗೆ ಹಾಕ್ತಾನ. ಹೇಳಬ್ಯಾಡ ಅಂದಿದ್ದ."

ಸರಿತಾ ಹೊರಗಿನ ಕೋಣೆಗೆ ಹೋದಳು. "ಅಪ್ಪಾ, ನನ್ನ ಕೂಡ ಸುರಪುರಕ್ಕ ಬಾ. ತಿಂಗಳೊಪ್ಪತ್ತು ಇರು."

"ಬೀಗರ ಮನ್ಯಾಗ ಬಿದ್ದಿರಲೇನು? ಬ್ಯಾಡ."

"ಮತ್ತ ಇಲ್ಲಿ ಯಾಕ ಉಣ್ಣವಲ್ಲಿ? ಏನು ಕಡಿಮಿ ಮಾಡ್ಯಾರ?"

"ಯಾರೂ ಏನೂ ಮಾಡಿಲ್ಲ. ಹಸಿವಿಲ್ಲ" ಎಂದು ಬಸವಂತ್ರಾಯ ಗೋಡೆಯ ಕಡೆ ತಿರುಗಿದ.

ಸಂಜೆಯ ಬಸ್ಸಿಗೆ ಹೊರಟಾಗ ಸರಿತಾ ಅತ್ತಿಗೆಗೆ ಹೋಗಿ ಬರುತ್ತೇನೆ ಎನ್ನಲಿಲ್ಲ.

*

ಮರುದಿನ ಮಧ್ಯಾಹ್ನ ಸುಮಲತಾ ತಾಟಿಗೆ ಮೂರು ರೊಟ್ಟಿ, ಪುಂಡಿಪಲ್ಯ, ಬೇಳೆ, ಒಂದು ಲೋಟ ಮಜ್ಜಿಗೆ ಇಟ್ಟು ಮಾವನ ಮುಂದೆ ತಂದಿಟ್ಟಳು. ತಾನು ಹೊಸ್ತಿಲ ಮೇಲೆ ಕೂತಳು.

"ಮಾವ, ತಾಟ ಖಾಲಿ ಆಗೋತನ ನಾ ಇಲ್ಲಿಂದ ಏಳಂಗಿಲ್ಲ."

"ಒಂದು ಸಾಕು ಯವ್ವಾ."

"ನಿನ್ನಿ ಸರಿತಾ ಏನಂದ್ಳು ಕೇಳೀರಿಲ್ರಿ? ಆ ಮಾತು ನನಗ ಬಂತು."

ಅವನು ಅವಳ ಕಡೆ ನೋಡಿದ. ಆಮೇಲೆ ರೊಟ್ಟಿ ಮುರಿದ. ಮೂರನೆಯದು ಮುಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಆಯಿತು. ಮಂಗಳವಾರವೂ ಹಾಗೆಯೇ. ಕ್ಲಾಸಿನಲ್ಲಿ ಬಾಗಲು ಹಟ ಮಾಡುವವರನ್ನು ಹೀಗೆಯೇ ಎದುರಿಗೆ ಕೂತು ಬಾಗಿಸಿ ಗೊತ್ತಿದ್ದ ಸುಮಲತಾಳಿಗೆ, ಇದೂ ಅಷ್ಟೇ ಎಂದು ಸಮಾಧಾನವಾಯಿತು. ರಾತ್ರಿ ಗಂಡನಿಗೂ ಹೇಳಿದಳು: "ಉಣ್ಣಾಕತ್ತಾರ. ಇನ್ನ ನಿಮ್ಮ ತಂಗಿಗೆ ಫೋನ್ ಮಾಡಿ ಹೇಳ್ರಿ."

ಬುಧವಾರ ಹನ್ನೆರಡೂವರೆ. ಅವಳು ಹಿಂದಿನ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಒಳಗೆ ಕೋಲು ಬಿದ್ದ ಸದ್ದಾಯಿತು, ಅದರ ಹಿಂದೆಯೇ ಇನ್ನೊಂದು ದೊಡ್ಡ ಸದ್ದು. ಓಡಿ ಬಂದರೆ ಬಸವಂತ್ರಾಯ ಹಿಂದಿನ ಬಾಗಿಲ ಹತ್ತಿರ ಮಗ್ಗುಲಾಗಿ ಬಿದ್ದಿದ್ದ. ಅಂಗಳದ ಮೂಲೆಯ ಸಂಡಾಸಿಗೆ ಹೊರಟವನು ಅಲ್ಲಿಯ ತನಕ ಮುಟ್ಟಿರಲಿಲ್ಲ. ಲುಂಗಿ ಹೊಲಸಾಗಿತ್ತು.

"ಹೊರಗ ಹೋಗು" ಅಂದ.

"ಪೆಟ್ಟಾಗ್ಯಾದೇನ್ರಿ ಮಾವ?"

"ಹೊರಗ ಹೋಗಂದೆ. ಮರಿಲಿಂಗಗ ಕರಿ."

ಅವಳು ಫೋನ್ ಮಾಡಿದಳು. ಮರಿಲಿಂಗ ಸುರಪುರದಲ್ಲಿ ಮಾಲು ಇಳಿಸುತ್ತಿದ್ದ. ಬರಲು ಒಂದು ತಾಸಾದರೂ ಬೇಕು ಅಂದ. ಸುಗಲಮ್ಮನ ಫೋನು ಮನೆಯ ಗೂಡಿನಲ್ಲೇ ರಿಂಗಾಯಿತು. ಪಕ್ಕದ ಮನೆಗೆ ಓಡಿ ಹಜರಾಬೀಯ ಮಗ ಗಯಾಸನನ್ನು ಕೇಳಿದರೆ, ಯಾದಗಿರಿಗೆ ಹೋಗಿದ್ದಾನೆ ಅಂದರು. ಅವಳು ತಿರುಗಿ ಬಂದಾಗ ಮಾವ ಒಂದೇ ಕೈಯಲ್ಲಿ ಲುಂಗಿಯನ್ನು ಎಳೆದು ಮುಚ್ಚಿಕೊಳ್ಳಲು ಹೆಣಗುತ್ತಿದ್ದ. ಹೆಣಗಿದಷ್ಟೂ ಇನ್ನಷ್ಟು ಹೊಲಸಾಗುತ್ತಿತ್ತು.

ಸುಮಲತಾ ಮುಂಬಾಗಿಲ ಚಿಲಕ ಹಾಕಿದಳು. ಸೆರಗು ಸೊಂಟಕ್ಕೆ ಕಟ್ಟಿದಳು. ಮಾವನ ಎದುರು ಮೊದಲ ಸಲ ತಲೆ ಬರಿದಾಯಿತು.

"ಮಾವ, ಯಾರೂ ಸಿಗಲಿಲ್ರಿ. ನಾನೇ ಮಾಡ್ತೀನಿ. ನೀವು ಕಣ್ಣು ಮುಚ್ಚಿಕೊಳ್ರಿ."

ಅವನು ಕಣ್ಣು ಮುಚ್ಚಿದ. ಆಮೇಲೆ ಅವಳ ಬಾಯಿಂದ ಬಂದದ್ದು ಕ್ಲಾಸಿನಲ್ಲಿ ದಿನಾ ಬರುವ ದನಿಯೇ. "ಬಲಗಾಲು ಮಡಚ್ರಿ. ಹಾಂ. ಬಲಗೈ ನನ್ನ ಹೆಗಲ ಮ್ಯಾಲ. ಉಸಿರು ಹಿಡೀಬ್ಯಾಡ್ರಿ, ಬಿಡ್ರಿ. ನಾ ಮೂರು ಅಂದ ಕೂಡಲೇ ಎದ್ದು ಕೂಡ್ರಿ." ಆ ದನಿ ಇಲ್ಲದಿದ್ದರೆ ಅವಳಿಗೆ ಕೈ ಆಡುತ್ತಿರಲಿಲ್ಲ. ಅವನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿದಳು. ಬೆನ್ನ ಹಿಂದೆ ನಿಂತು ಬಿಸಿನೀರು ಹಾಕಿ ತೊಳೆದಳು, ಒರೆಸಿದಳು, ಬೇರೆ ಲುಂಗಿ ಸುತ್ತಿದಳು. ಎದೆಗೆ ಅಂಟಿದ್ದ ಎಡಗೈಯನ್ನು ಬಿಡಿಸಿ ಅಂಗಿಯ ತೋಳಿಗೆ ತೂರಿಸುವಾಗ ಗೊತ್ತಾಯಿತು, ಬೆರಳುಗಳು ಮಡಚಿ ಮಡಚಿ ಅಂಗೈಯಲ್ಲಿ ಉಗುರಿನ ಗಾಯವಾಗಿತ್ತು. ಯಾರೂ ಅದನ್ನು ಬಿಡಿಸಿ ನೋಡಿರಲಿಲ್ಲ.

ಮಂಚದ ಮೇಲೆ ಮಲಗಿಸಿದ ಮೇಲೆ ಅವನು ಕಣ್ಣು ತೆರೆಯದೆಯೇ ಹೇಳಿದ: "ಬಾಗಿಲಾ ಮುಂದ ಮಾಡು."

ಬಾಗಿಲು ಎಳೆದು ಬಂದು, ನೆಲ ತೊಳೆದು, ಲುಂಗಿ ಒಗೆಯಲು ಕೂತಾಗ ಅವಳಿಗೆ ಎಲ್ಲ ತಿಳಿಯಿತು. ಬೆಳಗಿನ ಐದೂವರೆಗೆ ಮಗ ಎತ್ತಿಕೊಂಡು ಹೋಗಿ ಸಂಡಾಸಿನಲ್ಲಿ ನಡುವೆ ತೂತಿರುವ ಕುರ್ಚಿಯ ಮೇಲೆ ಕೂರಿಸಿ ತೊಳೆಯುತ್ತಾನೆ. ಆಮೇಲೆ ಹಗಲೆಲ್ಲ ಆ ಮನುಷ್ಯನ ಹತ್ತಿರ ಸೊಸೆಯೊಬ್ಬಳೇ ಇರುತ್ತಾಳೆ. ತೊಳೆದುಕೊಳ್ಳುವ ಕೈ ಬಿದ್ದುಹೋಗಿದೆ. ಅದಕ್ಕೇ ಅವನು ಉಣ್ಣುತ್ತಿರಲಿಲ್ಲ. ಎರಡು ದಿನ ಎದುರಿಗೆ ಕೂತು ಹಟಕ್ಕೆ ಉಣ್ಣಿಸಿದವಳು ತಾನೇ.

ಅವತ್ತು ದೋರನಹಳ್ಳಿಯಲ್ಲಿ ಮಕ್ಕಳ ಸಾಲಿನ ಮುಂದೆ ನಿಂತು, ಕೈ ಮೇಲೆತ್ತಿ ಎಂದು ಹೇಳಿ, ಇಳಿಸಿ ಎನ್ನಲು ಮರೆತಳು. ಒಂದು ಹುಡುಗಿ "ಮಿಸ್, ಕೈ ನೋಯಾಕತ್ಯಾವ್ರಿ" ಅಂದ ಮೇಲೆಯೇ ನೆನಪಾಯಿತು.

*

ಸಂಜೆ ಅಡುಗೆಮನೆಯಲ್ಲಿ ಜಗಳ ಎದ್ದಿತು.

"ನನಗ ಹೇಳಿ ಕಳಿಸಬಾರದಾಗಿತ್ತೇನು?" ಅಂದಳು ಸುಗಲಮ್ಮ. "ಮೀನು ಹಾಳಾಗಿ ಹೋಗಲಿ, ಬುಟ್ಟಿ ಒಗದು ಓಡಿ ಬರ್ತಿದ್ದೆ. ಸೊಸಿ ಕೈಲೆ ತೊಳಸ್ಕೊಂಡು ಅಂವ ಇನ್ನ ಮಾರಿ ಎತ್ತಿ ಕೂಡ್ತಾನೇನು?"

"ಯಾರ ಕೈಲೆ ಹೇಳಿ ಕಳಸ್ಲಿ ಅತ್ತಿ? ಅಷ್ಟೊತ್ತು ಅವರನ್ನ ಅದರಾಗೇ ಬಿಡ್ಲೇನು?"

ಮರಿಲಿಂಗ ಮುಖ ತೊಳೆದುಕೊಂಡು ಬಂದ. ಅಪ್ಪನ ಕೋಣೆಗೆ ಹೋಗಿ ಬಂದಿದ್ದ, ಅಪ್ಪ ಮಾತಾಡಿರಲಿಲ್ಲ. ಆ ಸಿಟ್ಟು ಇಲ್ಲಿ ಹೊರಬಂತು.

"ಹಿಂಗ ನಡೆಯಂಗಿಲ್ಲ. ಸುಮಾ, ನೀ ಆ ಕ್ಲಾಸು ಬಿಟ್ಟುಬಿಡು. ಮುಂಜಾನಿದೂ ಬಿಡು, ದೋರನಳ್ಳಿದೂ ಬಿಡು. ಮನ್ಯಾಗ ಪೂರಾ ಒಬ್ರು ಇರಬೇಕು."

ಸುಮಲತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಿಡ್ತೀನಿ. ಆದ್ರ ಒಂದು ತಿಳಕೊಳ್ರಿ. ನಾ ಮನ್ಯಾಗ ಎಷ್ಟು ಹೊತ್ತು ಇರ್ತೀನೋ ಅಷ್ಟು ಹೊತ್ತು ಅವರು ಉಣ್ಣಂಗಿಲ್ಲ. ನಾ ಪೂರಾ ಮನ್ಯಾಗ ಕುಂತ್ರ ಪೂರಾ ಬಿಡ್ತಾರ."

"ಏನ್ ಮಾತಾಡ್ತಿ?"

"ಖರೇನ ಹೇಳಾಕತ್ತೇನಿ. ಉಂಡ್ರ ಸಂಡಾಸಿಗೆ ಹೋಗಬೇಕಾಗ್ತದ. ಹಗಲಿ ಮನ್ಯಾಗ ನಾ ಒಬ್ಬಾಕಿ. ಅದಕ್ಕ ಆಡಿಗೆ ಹಾಕ್ಯಾರ, ಕೂಸಿಗೆ ಹಾಕ್ಯಾರ. ನಾವು ಉಪ್ಪು ಕಡಿಮಿ ಆಗ್ಯಾದಂತ ಕುಂತೀವಿ."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಸುಗಲಮ್ಮ ಅದನ್ನು ತಿರುವಿ ಹಾಕಿದಳು. "ಅವನ ಕೂಡ ನಲವತ್ತೈದು ವರ್ಷ ಬಾಳೇವು ಮಾಡೀನಿ, ನನಗಾರ ಹೇಳಬಾರದಾಗಿತ್ತೇನು" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮರಿಲಿಂಗ ಮತ್ತೆ ಕ್ಲಾಸಿನ ಮಾತೆತ್ತಲಿಲ್ಲ.

*

ಕಲಬುರಗಿಯಲ್ಲಿ ಯೋಗ ಕಲಿಯುವಾಗ ಸುಮಲತಾಳಿಗೆ ಪಾಠ ಹೇಳಿದ ಮುದುಕಿಯೊಬ್ಬರು, ನಿನ್ನ ಮೈಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರ ಮೈಗೆ ಹೇಳಬೇಡ ಅನ್ನುತ್ತಿದ್ದರು. ಮರುದಿನ ಕ್ಲಾಸಿನಿಂದ ಬಂದು, ಅತ್ತೆ ಬುಟ್ಟಿ ಹೊತ್ತು ಹೋದ ಮೇಲೆ, ಅವಳು ತನ್ನ ಎಡಗೈಯನ್ನು ಹಳೆಯ ಓಢಣಿಯಿಂದ ಎದೆಗೆ ಕಟ್ಟಿಕೊಂಡಳು. ಸಂಡಾಸಿನ ಬಾಗಿಲು ಹಾಕಿಕೊಂಡು ಆ ಕುರ್ಚಿಯ ಮೇಲೆ ಕೂತಳು. ಎಡಗಾಲಿಗೆ ಭಾರ ಹಾಕದೆ ಏಳಲು ನೋಡಿದಳು. ಮೊದಲ ದಿನ ಗೋಡೆಗೆ ತಲೆ ಬಡಿಸಿಕೊಂಡಳು. ಏಳುವಾಗ ಹಿಡಿಯಲು ಬಲಗೋಡೆಯಲ್ಲಿ ಏನಾದರೂ ಬೇಕು, ಮೊಣಕಾಲಿಗಿಂತ ಒಂದು ಗೇಣು ಮೇಲೆ. ಚೊಂಬು ಹಿಡಿದರೆ ತೊಳೆಯಲು ಕೈ ಉಳಿಯುವುದಿಲ್ಲ. ಲುಂಗಿ ಬಿಚ್ಚಬಹುದು, ಒಂದು ಕೈಯಲ್ಲಿ ತಿರುಗಿ ಕಟ್ಟಲು ಆಗುವುದಿಲ್ಲ, ಇಲಾಸ್ಟಿಕ್ಕು ಹಾಕಿ ಹೊಲಿಯಬೇಕು. ನಾಲ್ಕು ದಿನ ಹೀಗೆ ಬಾಗಿಲು ಹಾಕಿಕೊಂಡು ಮಾಡಿದಳು. ಯಾರಿಗೂ ತೋರಿಸುವ ಗೊಡವೆ ಇಲ್ಲದ್ದರಿಂದಲೋ ಏನೋ, ಬಹಳ ದಿನದ ಮೇಲೆ ತನ್ನ ಮೈ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂಬುದು ಅವಳಿಗೆ ತಿಳಿಯಿತು. ಮೈ ನೋಯುತ್ತಿತ್ತು, ಆದರೂ ದಿನಾ ಮಾಡಿದಳು.

ಮರಿಲಿಂಗ ಒಂದು ಕಬ್ಬಿಣದ ಸಲಾಕೆ ತಂದು ಅವಳು ಗೆರೆ ಹಾಕಿದ ಜಾಗದಲ್ಲಿ ಗೋಡೆಗೆ ಕೂರಿಸಿದ. ನಲ್ಲಿ ಕೆಲಸದ ಸೊಹೇಲ್ ಬಂದು ಒತ್ತಿದರೆ ನೀರು ಚಿಮ್ಮುವ ಪೈಪನ್ನು ಬಲಗೈಗೆ ಸಿಗುವ ಹಾಗೆ ಹಾಕಿದ. ಲುಂಗಿಗಳಿಗೆ ಸುಗಲಮ್ಮ ಇಲಾಸ್ಟಿಕ್ಕು ಹೊಲಿದಳು. ಬಸವಂತ್ರಾಯ ಇದನ್ನೆಲ್ಲ ಮಂಚದ ಮೇಲಿಂದ ನೋಡುತ್ತಿದ್ದ. ಮಾತಿಲ್ಲ. ಅರ್ಧ ರೊಟ್ಟಿಗಿಂತ ಹೆಚ್ಚು ಉಣ್ಣಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ.

ಅದರ ಮುಂದಿನ ವಾರದ ಐತವಾರ ಸುಮಲತಾ ಒಂದು ಕುರ್ಚಿಯನ್ನು ಅವನ ಕೋಣೆಯ ಎದುರು ಪಡಸಾಲೆಯಲ್ಲಿ ಹಾಕಿಕೊಂಡು, ಎಡಗೈ ಎದೆಗೆ ಕಟ್ಟಿಕೊಂಡು ಅತ್ತೆಗೆ ತೋರಿಸಿದಳು. ಹೀಗೆ ಕೂಡಬೇಕು. ಹೀಗೆ ಮುಂದಕ್ಕೆ ಬಾಗಿ, ಭಾರ ಬಲಪಾದಕ್ಕೆ ತಂದು, ಉಸಿರು ಬಿಡುತ್ತ ಏಳಬೇಕು. ಪೈಪು ಮುಂದಿನಿಂದ ಹಿಡಿಯಬೇಕು. ಒಳಗಿನಿಂದ ಹನ್ನೊಂದು ದಿನದ ಮೇಲೆ ದನಿ ಬಂತು.

"ಸುಗಲಿ, ಆಕಿಗೆ ಹೇಳು. ಬಲಗೈ ಉಣ್ಣೋ ಕೈ. ಅದರಲೆ ನಾ ತೊಳಕೊಳ್ಳಂಗಿಲ್ಲ."

ಸುಮಲತಾ ಅತ್ತೆಯ ಕಡೆ ನೋಡಿಯೇ ಅಂದಳು: "ಅತ್ತಿ, ಮಾವಗ ಹೇಳ್ರಿ. ಆ ಕೈ ಪೈಪಷ್ಟ ಹಿಡೀತದ. ನೀರ ತೊಳೀತದ. ಕೈ ಏನೂ ಮುಟ್ಟಂಗಿಲ್ಲ."

ಬಸವಂತ್ರಾಯ ಮಂಚದ ಮೇಲೆ ಈ ಕಡೆ ತಿರುಗಿದ.

"ಇನ್ನೊಮ್ಮಿ ತೋರ್ಸು ಅಂತ ಹೇಳು" ಅಂದ.

ಅವಳು ಇನ್ನೊಮ್ಮೆ ತೋರಿಸಿದಳು. ಮರುದಿನದಿಂದ ಬೆಳಿಗ್ಗೆ ಮಗ ಕರೆದುಕೊಂಡು ಹೋದಾಗ ಅವನು ತಾನೇ ಸಲಾಕೆ ಹಿಡಿದು ಏಳಲು ಕಲಿತ. ಮೊದಮೊದಲು ಮರಿಲಿಂಗ ಹಿಂದಿನಿಂದ ಹಿಡಿಯುತ್ತಿದ್ದ, ಆಮೇಲೆ ಬಾಗಿಲಲ್ಲಿ ನಿಂತ, ಆಮೇಲೆ ಅಂಗಳದಲ್ಲಿ. ಎರಡು ವಾರ ಹೀಗೆ ನಡೆಯಿತು. ಗಾಯವಾದ ಅಂಗೈಗೆ ಸುಗಲಮ್ಮ ಎಣ್ಣೆ ಹಚ್ಚಿ ಬೆರಳು ಬಿಡಿಸುತ್ತಿದ್ದಳು. ಸೊಸೆ ಪಕ್ಕದಲ್ಲಿ ಕೂತು, ಯಾವ ಬೆರಳು ಮೊದಲು, ಎಷ್ಟು ಹೊತ್ತು ಎಂದು ಹೇಳುತ್ತಿದ್ದಳು. ಕೈ ತಿರುಗಿ ಬರುವ ಲಕ್ಷಣ ಕಾಣಲಿಲ್ಲ. ಗಾಯ ಮಾತ್ರ ಮಾಗಿತು.

*

ಒಂದು ಗುರುವಾರ, ಎರಡು ಗಂಟೆಯ ಸುಮಾರಿಗೆ, ಸುಮಲತಾ ದೋರನಹಳ್ಳಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಬಸವಂತ್ರಾಯ ಮಂಚದ ಮೇಲೆ ಎದ್ದು ಕೂತು ಕೋಲಿಗೆ ಕೈಹಾಕಿದ.

"ಯವ್ವಾ ಸುಮಲತಾ."

ಹನ್ನೊಂದು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಬಾಚಣಿಕೆ ಹಿಡಿದೇ ಬಂದಳು.

"ನೀ ಜರಾ ಹೊರಗ ಹೋಗಿ ಕೂಡು. ನಾ ಕರಿಯೋತನ ಒಳಗ ಬರಬ್ಯಾಡ. ಬಿದ್ರೂ ಬರಬ್ಯಾಡ."

"ಬಿದ್ರ ಬರ್ತೀನ್ರಿ ಮಾವ."

"ಬಿದ್ರ ಬಾ" ಅಂದ ಅವನು, ಕೋಲು ಊರಿ.

ಅವಳು ಮುಂಬಾಗಿಲು ಎಳೆದುಕೊಂಡು ಕಟ್ಟೆಯ ಮೇಲೆ ಕೂತಳು. ಕೋಲಿನ ಸದ್ದು ಹಿಂದಿನ ಅಂಗಳದ ಕಡೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಎರಡೂಕಾಲಿಗೆ ಸುಗಲಮ್ಮ ಖಾಲಿ ಬುಟ್ಟಿ ಹೊತ್ತು ಬಂದಳು.

"ಯಾಕ ಬಿಸಿಲಾಗ ಕುಂತಿ?"

"ಒಳಗ ಹೋಗಬ್ಯಾಡ್ರಿ ಅತ್ತಿ. ಮಾವ ಒಬ್ಬರ ಹೋಗ್ಯಾರ."

ಸುಗಲಮ್ಮ ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತಳು. ಇಬ್ಬರೂ ಕಿವಿಗೊಟ್ಟು ಕೂತರು. ಹಜರಾಬೀಯ ಆಡು ಬಂದು ಬುಟ್ಟಿಯನ್ನು ಮೂಸಿ ಹೋಯಿತು.

"ನಿನ್ನ ಬಸ್ಸು?"

"ಹೋಗ್ಲಿ ಬಿಡ್ರಿ."

"ಕಣ್ಣು ಕೆಂಪಾಗ್ಯಾವು ನಿನ್ನವು."

"ನಿದ್ದಿ ಕಡಿಮಿ ಆಗ್ಯಾದ್ರಿ."

"ನಿನಗ ಭಾಳ ಆಗ್ಯಾದ, ನನಗ ಗೊತ್ತದ" ಅಂದಳು ಸುಗಲಮ್ಮ. "ನಮಗ ಎಲ್ಲರಿಗೂ ಭಾಳ ಆಗ್ಯಾದ. ಆದ್ರ ಆವತ್ತು ನಾ ನಿನ್ನ ಬೈಬಾರದಾಗಿತ್ತು."

ಒಳಗೆ ನೀರು ಚಿಮ್ಮಿದ ಸದ್ದು ಕೇಳಿತು. ನಿಂತಿತು. ಮತ್ತೆ ಚಿಮ್ಮಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಸುಗಲಮ್ಮ ಏಳಲು ಹೋದಳು, ಸುಮಲತಾ ಅವಳ ಮೊಣಕೈ ಹಿಡಿದು ಕೂರಿಸಿದಳು. ಮೂರರ ಬಸ್ಸು ದೊಡ್ಡ ರಸ್ತೆಯಲ್ಲಿ ಹಾರ್ನ್ ಹಾಕಿಕೊಂಡು ಹೋಯಿತು. ಕೋಲಿನ ಸದ್ದು ತಿರುಗಿ ಬಂತು, ಒಂದೊಂದೇ ಹೆಜ್ಜೆ. ಮಂಚ ಕಿರುಗುಟ್ಟಿತು.

"ಬರ್ರಿ ಒಳಗ."

ಹೋದರು. ಅವನು ಗೋಡೆಗೆ ಒರಗಿ ಕೂತಿದ್ದ. ಲುಂಗಿಯ ಅಂಚು ಒದ್ದೆ, ಹಣೆಯ ಮೇಲೆ ಬೆವರು. ಹೊಳೆ ಈಜಿ ದಡ ಹತ್ತಿದವನ ಹಾಗೆ ಏದುಸಿರು ಬಿಡುತ್ತಿದ್ದ. ಇಬ್ಬರ ಮುಖವನ್ನೂ ನೋಡಲಿಲ್ಲ.

"ಏನದ ಉಣ್ಣಾಕ?" ಅಂದ.

ಸುಗಲಮ್ಮ ತಾಟು ತರಲು ಹೋದಳು. ಸುಮಲತಾ ಶಾಲೆಗೆ ಫೋನ್ ಮಾಡಿ ಇವತ್ತು ಬರಲಾಗುವುದಿಲ್ಲ ಎಂದು ಹೇಳಿದಳು. ಫೋನಿಟ್ಟು, ಅಡುಗೆಮನೆಯ ಬರಿಯ ನೆಲದ ಮೇಲೆ ಒಂದು ನಿಮಿಷ ಬೆನ್ನು ಚಾಚುತ್ತೇನೆಂದು ಮಲಗಿದವಳಿಗೆ, ಅತ್ತೆ ತನ್ನನ್ನು ದಾಟಿ ಓಡಾಡಿದ್ದು ತಿಳಿಯಲಿಲ್ಲ.

ಸುಗಲಮ್ಮ ಎರಡನೆಯ ರೊಟ್ಟಿಗೆ ಬಂದಾಗ ಗಡಿಗೆಯ ಮುಚ್ಚಳ ಕೈಜಾರಿ ಠಣ್ಣೆಂದಿತು. ಹೊರಗಿನ ಕೋಣೆಯಿಂದ ಬಸವಂತ್ರಾಯ ತುತ್ತು ನುಂಗಿ, ದನಿ ತಗ್ಗಿಸಿ ಹೇಳಿದ:

"ಸಾವಕಾಶ ಮಾಡು. ಆಕಿ ಮಲಗ್ಯಾಳ."